ಕೊಟ್ಟವರ ಖಾತೆ

ಈ ಸಂಚಿಕೆಗೆ ಮೂತ್ರಪಿಂಡದ ಬಗ್ಗೆ ಬರೆಯುತ್ತೇನೆ ಎಂದಾಗ ಬಳಗದ ಗೆಳೆಯರು ನಕ್ಕರು. ಕವಿತೆ, ಕಥೆ, ಕಾದಂಬರಿ ವಿಮರ್ಶೆ ಬರುವ ಪತ್ರಿಕೆಯಲ್ಲಿ ಕಿಡ್ನಿಗೇನು ಕೆಲಸ? ಅದೂ ಬಿ.ಕಾಂ. ಓದುವ ಹುಡುಗಿಗೆ ಈ ಡಾಕ್ಟರಿಕೆ ಯಾಕೆ? ಪ್ರಶ್ನೆ ನ್ಯಾಯವಾದದ್ದೇ. ಆದರೆ ನಾನು ವೈದ್ಯಶಾಸ್ತ್ರ ಹೇಳಲು ಬಂದಿಲ್ಲ, ಲೆಕ್ಕ ಕೇಳಲು ಬಂದಿದ್ದೇನೆ. ಮೂತ್ರಪಿಂಡದ ಕಾಯಿಲೆ, ರಕ್ತದೊತ್ತಡ, ಮೂತ್ರಪಿಂಡದ ಕಸಿ, ಈ ಮೂರರ ಮೇಲೆ ಸುಮಾರು ಇನ್ನೂರು ವರ್ಷಗಳಿಂದ ಸಂಶೋಧನೆ ನಡೆದಿದೆ. ಅದರ ಫಲ ಯಾರ ಮನೆ ಸೇರಿತು, ಅದರ ಬೆಲೆ ಯಾರು ತೆತ್ತರು ಅಂತ ಕೇಳುವ ಹಕ್ಕು ಲೆಕ್ಕ ಓದುವವರಿಗೂ ಇದೆ, ಸಾಹಿತ್ಯ ಓದುವವರಿಗೂ ಇದೆ.

ಮೊದಲು ಆಸ್ತಿಯ ಪಟ್ಟಿ ನೋಡೋಣ. ಬೆನ್ನಿನ ಕಡೆ, ಪಕ್ಕೆಲುಬಿನ ಕೆಳಗೆ, ಒಂದೊಂದು ಮುಷ್ಟಿಯಷ್ಟಿರುವ ಎರಡು ಅಂಗ. ತೂಕ ಒಂದೊಂದು ಸುಮಾರು 150 ಗ್ರಾಂ. ಒಂದೊಂದರಲ್ಲೂ ಹತ್ತು ಲಕ್ಷದಷ್ಟು ಸಣ್ಣ ಸೋಸುಗಗಳು. ಹೃದಯ ಹೊರಹಾಕುವ ರಕ್ತದಲ್ಲಿ ಐದನೇ ಒಂದು ಭಾಗ ಇವುಗಳ ಮೂಲಕವೇ ಹಾದುಹೋಗುತ್ತದೆ. ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಬೇಕಾದದ್ದನ್ನು ವಾಪಸು ರಕ್ತಕ್ಕೆ ಕೊಟ್ಟು, ಒಂದೂವರೆ ಲೀಟರ್ ಮಾತ್ರ ಹೊರಗೆ ಕಳಿಸುತ್ತವೆ. ಇಂಥ ಮಿತವ್ಯಯದ ಗುಮಾಸ್ತ ಯಾವ ಮಂಡಿಯಲ್ಲೂ ಸಿಕ್ಕಲಾರ. ಈ ಗುಮಾಸ್ತನಲ್ಲಿ ಒಂದೇ ದೋಷ: ಮುಕ್ಕಾಲು ಪಾಲು ಶಕ್ತಿ ಹೋಗುವ ತನಕ ಬಾಯಿಬಿಟ್ಟು ದೂರುವುದಿಲ್ಲ.

ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್ ಎಂಬ ವೈದ್ಯ 1827ರಲ್ಲಿ ಒಂದು ವಿಷಯ ಬರೆದಿಟ್ಟ. ಮೈ ಊದಿಕೊಂಡು ಬಂದ ಕೆಲವು ರೋಗಿಗಳ ಮೂತ್ರ ಕಾಯಿಸಿದರೆ ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟುತ್ತಿತ್ತು. ಅವರು ಸತ್ತ ಮೇಲೆ ನೋಡಿದರೆ ಮೂತ್ರಪಿಂಡ ಕೆಟ್ಟಿರುತ್ತಿತ್ತು. ಇಂಥವರಲ್ಲಿ ಹೃದಯ ದಪ್ಪಗಾಗಿರುವುದನ್ನೂ ಆತ 1836ರಲ್ಲಿ ದಾಖಲೆ ಮಾಡಿದ. ರಕ್ತದ ಒತ್ತಡ ಅಳೆಯುವ ತೋಳುಪಟ್ಟಿಯೇ ಇಲ್ಲದ ಕಾಲ ಅದು. ಇಟಲಿಯ ರಿವಾ ರೋಚಿ ಅದನ್ನು ಮಾಡಿದ್ದು 1896ರಲ್ಲಿ. ಆಮೇಲೆ 1934ರಲ್ಲಿ ಅಮೆರಿಕದ ಗೋಲ್ಡ್‌ಬ್ಲಾಟ್ ನಾಯಿಗಳ ಮೂತ್ರಪಿಂಡಕ್ಕೆ ಹೋಗುವ ರಕ್ತನಾಳವನ್ನು ಚಿಮಟದಿಂದ ಬಿಗಿದ. ಒತ್ತಡ ಏರಿತು. ಅಂದರೆ ಬಿ.ಪಿ. ಹೆಚ್ಚಾದರೆ ಮೂತ್ರಪಿಂಡ ಕೆಡುತ್ತದೆ, ಮೂತ್ರಪಿಂಡ ಕೆಟ್ಟರೆ ಬಿ.ಪಿ. ಹೆಚ್ಚಾಗುತ್ತದೆ. ಸಾಲಕ್ಕೆ ಬಡ್ಡಿ, ಬಡ್ಡಿ ಕಟ್ಟಲು ಮತ್ತೆ ಸಾಲ ಅಂತಾರಲ್ಲ, ಹಾಗೆ. ಎಲ್ಲಾದರೂ ಒಂದು ಕಡೆ ಕತ್ತರಿಸದೆ ಈ ಚಕ್ರ ನಿಲ್ಲುವುದಿಲ್ಲ.

ಈ ಚಕ್ರ ಕತ್ತರಿಸುವ ಔಷಧದ ಕಥೆಯಲ್ಲಿ ನಮ್ಮ ದೆಹಲಿಗೂ ಪಾಲಿದೆ ಎನ್ನುವುದು ಎಷ್ಟು ಜನಕ್ಕೆ ಗೊತ್ತು? ಕರೋಲ್‌ಬಾಗಿನ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಎಂಬ ರಸಾಯನಶಾಸ್ತ್ರಜ್ಞ 1931ರಲ್ಲಿ ಸರ್ಪಗಂಧದ ಬೇರಿನಿಂದ ಕ್ಷಾರವಸ್ತುಗಳನ್ನು ಬೇರ್ಪಡಿಸಿ, ಒಂದಕ್ಕೆ ಹಕೀಮ್ ಅಜ್ಮಲ್ ಖಾನರ ನೆನಪಿಗೆ ಅಜ್ಮಲೀನ್ ಎಂದು ಹೆಸರಿಟ್ಟರು. ಅದೇ ವರ್ಷ ಕಲ್ಕತ್ತೆಯಲ್ಲಿ ಸೇನ್ ಮತ್ತು ಬೋಸ್ ಎಂಬ ವೈದ್ಯರು ಆ ಬೇರು ಒತ್ತಡ ಇಳಿಸುತ್ತದೆ ಎಂದು ಪ್ರಕಟಿಸಿದರು. ಮುಂಬಯಿಯ ರುಸ್ತುಂ ವಕೀಲ್ 1949ರಲ್ಲಿ ಇಂಗ್ಲೆಂಡಿನ ಪತ್ರಿಕೆಯಲ್ಲಿ ಬರೆದ ಮೇಲೆ ಜಗತ್ತು ತಿರುಗಿ ನೋಡಿತು. ಆ ಔಷಧಿ ಮನಸ್ಸನ್ನು ಕುಗ್ಗಿಸುತ್ತದೆ ಎಂಬ ಕಾರಣಕ್ಕೆ ಮುಂದೆ ಹಿಂದೆ ಸರಿಯಿತು. ಆಮೇಲೆ ಬ್ರೆಜಿಲ್ಲಿನ ಒಂದು ಮಂಡಲದ ಹಾವಿನ ವಿಷದ ಅಧ್ಯಯನದಿಂದ ಕ್ಯಾಪ್ಟೊಪ್ರಿಲ್ ಹುಟ್ಟಿ 1981ರಲ್ಲಿ ಮಾರುಕಟ್ಟೆಗೆ ಬಂತು. ಆ ಜಾತಿಯ ಮಾತ್ರೆಗಳು ಒತ್ತಡ ಇಳಿಸುವುದಲ್ಲದೆ ಸಕ್ಕರೆ ಕಾಯಿಲೆಯವರ ಮೂತ್ರಪಿಂಡವನ್ನೂ ಕಾಯುತ್ತವೆ ಎಂದು 1993ರಲ್ಲಿ ಗೊತ್ತಾಯಿತು. ಇಷ್ಟೆಲ್ಲ ಜ್ಞಾನ ಇದ್ದೂ, 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ನೂರಕ್ಕೆ 35.5 ಮಂದಿಗೆ ರಕ್ತದೊತ್ತಡ ಇದೆ. ಮೂರರಲ್ಲಿ ಒಬ್ಬರು!

ಅದು ಮುದುಕರ ಕಾಯಿಲೆ ಎನ್ನಬೇಡಿ. ನಾವಿರುವ ಮುಖರ್ಜಿ ನಗರವನ್ನೇ ನೋಡಿ. ಬತ್ರಾ ಸುತ್ತಮುತ್ತ, ನೆಹರೂ ವಿಹಾರ, ಗಾಂಧಿ ವಿಹಾರದ ಗಲ್ಲಿಗಳಲ್ಲಿ ಸಾವಿರಾರು ಹುಡುಗ ಹುಡುಗಿಯರು ಒಂದು ಮಂಚ, ಒಂದು ಮೇಜು ಹಿಡಿಸುವ ಕೋಣೆಯಲ್ಲಿ ಬದುಕುತ್ತಾರೆ. ನಿದ್ದೆ ನಾಲ್ಕು ಗಂಟೆ. ಊಟ ಅಂದರೆ ಮೋಮೋ, ಛೋಲೆ ಭಟೂರೆ, ರಾತ್ರಿ ಎರಡಕ್ಕೆ ಮ್ಯಾಗಿ. ಊರಿಂದ ಅಮ್ಮ ಕಳಿಸಿದ ಉಪ್ಪಿನಕಾಯಿ, ಚಟ್ನಿಪುಡಿ, ಹಪ್ಪಳ ನಮ್ಮ ಕನ್ನಡದವರ ಪಾಲಿಗೆ ಹೆಚ್ಚುವರಿ ಭಾಗ್ಯ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂ ಉಪ್ಪು, ಅಂದರೆ ಒಂದು ಟೀ ಚಮಚ. ನಾವು ಅದನ್ನು ಮಧ್ಯಾಹ್ನಕ್ಕೇ ಮುಗಿಸಿರುತ್ತೇವೆ. ತಲೆನೋವು ಬಂದರೆ ಅಂಗಡಿಯವನನ್ನೇ ಡಾಕ್ಟರು ಅಂದುಕೊಂಡು ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗುತ್ತೇವೆ. ಈ ಜಾತಿಯ ನೋವಿನ ಮಾತ್ರೆ ಹೆಚ್ಚು ದಿನ ತಿಂದರೆ ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನೇ ಕಡಿಮೆ ಮಾಡುತ್ತದೆ ಅಂತ ಅಂಗಡಿಯವನು ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ಕಳೆದ ಚಳಿಗಾಲದಲ್ಲಿ ನಾವು ಕೆಲವರು ದುಡ್ಡು ಕೂಡಿಸಿ ಒಂದು ಬಿ.ಪಿ. ಯಂತ್ರ ಕೊಂಡೆವು. ಬೀದರಿನ ಕಡೆಯ ಅಣ್ಣನೊಬ್ಬ, ಐ.ಎ.ಎಸ್. ಪರೀಕ್ಷೆಗೆ ಕೂತವನು, ವಯಸ್ಸು 26, ತಮಾಷೆಗೆ ಕೈ ಚಾಚಿದ. 150ರ ಮೇಲೆ ತೋರಿಸಿತು. "ಮೆಟ್ಟಿಲು ಹತ್ತಿ ಬಂದೀನಿ ಬಿಡ್ರಿ" ಅಂದ. ಮಾರನೇ ದಿನ, ಅದರ ಮಾರನೇ ದಿನ, ಕೂತು ವಿಶ್ರಾಂತಿ ತೆಗೆದುಕೊಂಡು ನೋಡಿದರೂ ಅಷ್ಟೇ. ಅವನಿಗೆ ತಲೆನೋವಿಲ್ಲ, ಸುಸ್ತಿಲ್ಲ, ಏನೂ ಇಲ್ಲ. ಈಗ ಡಾಕ್ಟರ ಹತ್ತಿರ ಹೋಗುತ್ತಿದ್ದಾನೆ. ಚಿಕ್ಕ ವಯಸ್ಸಿನಲ್ಲಿ ಒತ್ತಡ ಏರಿದರೆ ಮೂತ್ರಪಿಂಡದಲ್ಲೇ ಏನಾದರೂ ತೊಂದರೆ ಇದೆಯೇ ಎಂದು ಮೊದಲು ನೋಡಬೇಕಂತೆ. ಭಾರತದ ಇತಿಹಾಸ, ಸಂವಿಧಾನ, ಅರ್ಥಶಾಸ್ತ್ರ ಬಾಯಿಪಾಠ ಇರುವವನಿಗೆ ತನ್ನ ತೋಳಿನ ಎರಡು ಸಂಖ್ಯೆ ಗೊತ್ತಿರಲಿಲ್ಲ. ಇದು ಅವನೊಬ್ಬನ ಕಥೆಯಲ್ಲ.

ಹೀಗೆ ಅಗ್ಗದಲ್ಲಿ ಮುಗಿಯಬೇಕಾದ ಕೆಲಸವನ್ನು ಬಿಟ್ಟರೆ ಕೊನೆಗೆ ಬರುವುದು ದುಬಾರಿ ಬಾಗಿಲು: ಡಯಾಲಿಸಿಸ್, ಇಲ್ಲವೇ ಕಸಿ. ಹಾಲೆಂಡಿನ ವಿಲೆಮ್ ಕೋಲ್ಫ್ ಎಂಬ ವೈದ್ಯ ನಾಜಿಗಳು ದೇಶ ಆಕ್ರಮಿಸಿದ್ದ 1943ರಲ್ಲಿ ಸೆಲೋಫೇನ್ ಕೊಳವೆ ಸುತ್ತಿದ ಒಂದು ಉರುಳೆಯಿಂದ ರಕ್ತ ಸೋಸುವ ಯಂತ್ರ ಮಾಡಿದ. ಮೊದಮೊದಲು ಬಂದ ರೋಗಿಗಳು ಒಬ್ಬೊಬ್ಬರಾಗಿ ಸತ್ತರು. 1945ರಲ್ಲಿ ಒಬ್ಬ ಹೆಂಗಸು ಬದುಕಿದಳು. ಕಸಿಯ ಮೊದಲ ಗೆಲುವು 1954ರ ಡಿಸೆಂಬರ್ 23ರಂದು ಬಾಸ್ಟನ್ನಿನಲ್ಲಿ. ಡಾ. ಜೋಸೆಫ್ ಮರ್ರೆ ಒಬ್ಬನ ಮೂತ್ರಪಿಂಡವನ್ನು ಅವನ ಅವಳಿ ಸಹೋದರನಿಗೆ ಹಾಕಿದರು. ಅಚ್ಚಿನಲ್ಲಿ ಎರಕ ಹೊಯ್ದಂಥ ಅವಳಿಗಳಾದ್ದರಿಂದ ದೇಹ ಅದನ್ನು ಪರಕೀಯ ಎನ್ನಲಿಲ್ಲ. ಅವಳಿಗಳಲ್ಲದವರಿಗೆ ದಾರಿ ತೆರೆದದ್ದು ದೇಹದ ಪ್ರತಿರೋಧವನ್ನು ತಗ್ಗಿಸುವ ಔಷಧಿಗಳು. ಅವುಗಳಲ್ಲಿ ದೊಡ್ಡದಾದ ಸೈಕ್ಲೋಸ್ಪೋರಿನ್ ನಾರ್ವೆಯ ಮಣ್ಣಿನ ಒಂದು ಬೂಷ್ಟಿನಿಂದ ಬಂತು. ನಮ್ಮ ದೇಶದಲ್ಲಿ ಕಸಿ ಯಶಸ್ಸು ಕಂಡದ್ದು ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ, 1971ರಲ್ಲಿ. ಇವರಿಗೆಲ್ಲ ಕೈಮುಗಿಯೋಣ. ಆದರೆ ಕೈಮುಗಿದಾದ ಮೇಲೆ ಪುಸ್ತಕ ತೆರೆಯೋಣ.

ಲೆಕ್ಕಶಾಸ್ತ್ರದ ಮೊದಲ ಪಾಠ ನಮಗೆಲ್ಲ ಬಾಯಿಗೆ ಬರುತ್ತದೆ: ಪಡೆದವನ ಖಾತೆಗೆ ಖರ್ಚು, ಕೊಟ್ಟವನ ಖಾತೆಗೆ ಜಮಾ. ನಮ್ಮ ಮಾವ ತಿಪಟೂರಿನ ಕಡೆಯವರು, ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ನಲವತ್ತಕ್ಕೆ ಮೊದಲೇ ಬಿ.ಪಿ. ಇದೆ ಅಂತ ತಿಳಿದಿತ್ತು. ಮಾತ್ರೆ ತಿಂದು "ಈಗ ಆರಾಮಾಗಿದೀನಿ" ಅಂತ ನಿಲ್ಲಿಸಿದರು. ಏಳೆಂಟು ವರ್ಷದಲ್ಲಿ ಕಾಲು ಊದಿತು, ವಾಂತಿ ಶುರುವಾಯಿತು, ಎರಡೂ ಮೂತ್ರಪಿಂಡ ಹೋಗಿದ್ದವು. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕಸಿ ಆಯಿತು. ಕೊಟ್ಟವರು ಅತ್ತೆ. ಮನೆಯಲ್ಲಿ ಯಾರು ಕೊಡಬೇಕು ಎಂಬ ಚರ್ಚೆ ನಡೆದದ್ದು ನನಗೆ ನೆನಪಿಲ್ಲ, ಏಕೆಂದರೆ ಅಂಥ ಚರ್ಚೆಯೇ ನಡೆಯಲಿಲ್ಲ. ಮಾವನ ಅಣ್ಣ ತಮ್ಮಂದಿರು ಇಬ್ಬರು ಇದ್ದರು. ಅವರು ದುಡಿಯುವವರು, ಹಾಗಾಗಿ ಅವರ ಹೆಸರೇ ಬರಲಿಲ್ಲ. ಅತ್ತೆ ಬೆಳಗ್ಗೆ ಐದಕ್ಕೆದ್ದು ಹಸು ಕರೆದು ಡೈರಿಗೆ ಹಾಲು ಹಾಕುವವರು. ಅದು ದುಡಿಮೆ ಅಂತ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಕಸಿ ಆದ ಮೇಲೆ ಮಾವನಿಗೆ ಒಂದು ದಪ್ಪ ಫೈಲು ಕೊಟ್ಟರು. ಯಾವ ದಿನ ರಕ್ತ ಪರೀಕ್ಷೆ, ಯಾವ ದಿನ ಡಾಕ್ಟರ ಭೇಟಿ, ಯಾವ ಮಾತ್ರೆ ಎಷ್ಟು ಗಂಟೆಗೆ, ಎಲ್ಲ ಇತ್ತು. ಅತ್ತೆಗೆ ಹೊಲಿಗೆ ಬಿಚ್ಚಿದರು, ಒಂದು ಹಾಳೆ ಕೊಟ್ಟರು. ಆ ಹಾಳೆ ಎಲ್ಲಿದೆ ಅಂತ ಈಗ ಯಾರಿಗೂ ಗೊತ್ತಿಲ್ಲ. ವರ್ಷಕ್ಕೊಮ್ಮೆ ಬನ್ನಿ ಅಂತ ಒಂದು ಫೋನೂ ಬರಲಿಲ್ಲ. ಐದು ವರ್ಷದ ಮೇಲೆ ಊರಿನ ಆರೋಗ್ಯ ಶಿಬಿರದಲ್ಲಿ ಅತ್ತೆಯ ಬಿ.ಪಿ. 160 ಎಂದು ನರ್ಸಮ್ಮ ಹೇಳಿದಾಗಲೇ ತಿಳಿದದ್ದು. ಮೂತ್ರಪಿಂಡ ಕೊಟ್ಟಿದ್ದರಿಂದಲೇ ಬಂತು ಎಂದು ನಾನು ಹೇಳಲಾರೆ. ಅವರ ತಾಯಿಗೂ ಇತ್ತು, ವಯಸ್ಸೂ ಆಗಿದೆ. ಆದರೆ ಒಂದೇ ಮೂತ್ರಪಿಂಡ ಉಳಿಸಿಕೊಂಡವರ ಒತ್ತಡವನ್ನು ಐದು ವರ್ಷ ಯಾರೂ ನೋಡಲಿಲ್ಲ ಎಂಬುದನ್ನಂತೂ ಹೇಳಬಲ್ಲೆ. ಪಡೆದವರ ಖಾತೆ ದಿನದಿನವೂ ಬರೆಯಲಾಯಿತು. ಕೊಟ್ಟವರ ಖಾತೆಯನ್ನೇ ತೆರೆಯಲಿಲ್ಲ.

ಇದು ನಮ್ಮ ಒಂದು ಮನೆಯ ದೂರು ಅಂದುಕೊಳ್ಳಬೇಡಿ. ಅಂಗಾಂಗ ಕಸಿಯ ರಾಷ್ಟ್ರೀಯ ಸಂಸ್ಥೆ, ಅಂದರೆ ನೋಟೋ, ಇದೇ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯ ಆವರಣದಲ್ಲಿದೆ. 2023ರಲ್ಲಿ ಪತ್ರಿಕೆಗಳಲ್ಲಿ ಬಂದ ಅದರ ಅಂಕಿ ಅಂಶದಂತೆ 1995ರಿಂದ 2021ರ ತನಕ ದೇಶದಲ್ಲಿ ನಡೆದ ಅಂಗಾಂಗ ಕಸಿ 36,640. ಪಡೆದವರಲ್ಲಿ ಗಂಡಸರು 29,695, ಹೆಂಗಸರು 6,945. ಬದುಕಿದ್ದು ಅಂಗ ಕೊಡುವವರಲ್ಲಿ ಮಾತ್ರ ಹೆಂಗಸರೇ ಬಹುಪಾಲು, ಅದರಲ್ಲೂ ಹೆಂಡತಿ ಮತ್ತು ತಾಯಿ. ಕಾಯಿಲೆ ಗಂಡು ಹೆಣ್ಣು ನೋಡಿ ಬರುವುದಿಲ್ಲ. ಹಾಗಾದರೆ ಐದರಲ್ಲಿ ನಾಲ್ಕು ಪಾಲು ಒಂದೇ ಕಡೆ ಹೋದದ್ದು ಹೇಗೆ? "ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ" ಎಂಬ ಗಾದೆಯನ್ನು ನಾವು ಎಷ್ಟು ಚೆನ್ನಾಗಿ ಪಾಲಿಸುತ್ತೇವೆ ನೋಡಿ! ಉಪ್ಪು ತಿಂದು ಒತ್ತಡ ಏರಿಸಿಕೊಳ್ಳುತ್ತೇವೆ, ಆಮೇಲೆ ಬಂಧುವನ್ನು ಹುಡುಕಿಕೊಂಡು ತಾಯಿಯ ಹತ್ತಿರ ಹೋಗುತ್ತೇವೆ.

ಪ್ರೀತಿಯಿಂದ ಕೊಟ್ಟದ್ದಕ್ಕೆ ಲೆಕ್ಕ ಯಾಕೆ ಎಂದು ನನ್ನ ರೂಮಿನವಳೇ ಕೇಳಿದಳು. ತ್ಯಾಗವನ್ನು ತಕ್ಕಡಿಯಲ್ಲಿಟ್ಟರೆ ಅದು ತ್ಯಾಗವಾಗಿ ಉಳಿಯುತ್ತದೆಯೇ ಅಂದಳು. ಒಳ್ಳೆಯ ಮಾತು. ಅತ್ತೆ ಪ್ರೀತಿಯಿಂದಲೇ ಕೊಟ್ಟರು, ಇವತ್ತು ಕೇಳಿದರೂ ಕೊಟ್ಟೆನಲ್ಲ ಎಂದು ನೊಂದುಕೊಳ್ಳುವುದಿಲ್ಲ. ನಾನು ಪ್ರೀತಿಯ ಬೆಲೆ ಕೇಳುತ್ತಿಲ್ಲ, ಕೊಟ್ಟವರ ಆರೋಗ್ಯದ ವಿಚಾರಣೆ ಕೇಳುತ್ತಿದ್ದೇನೆ. ಪ್ರೀತಿ ಎಂಬ ಹೆಸರು ಹೇಳಿ ವರ್ಷಕ್ಕೊಂದು ಮೂತ್ರ ಪರೀಕ್ಷೆಯನ್ನೂ ತಪ್ಪಿಸುವುದಾದರೆ ಆ ಪ್ರೀತಿ ಯಾರಿಗೆ ಅನುಕೂಲವಾಯಿತು ಅಂತ ಕೇಳಲೇಬೇಕಾಗುತ್ತದೆ. ಸಂಶೋಧನೆಯೂ ಇದನ್ನೇ ಹೇಳುತ್ತದೆ. ಚೆನ್ನಾಗಿ ಪರೀಕ್ಷೆ ಮಾಡಿ ಆರಿಸಿದ ದಾನಿಗಳು ದೀರ್ಘಕಾಲ ಆರೋಗ್ಯವಾಗಿ ಬದುಕುತ್ತಾರೆ, ಭಯಪಡಬೇಕಾಗಿಲ್ಲ. ಆದರೆ ಅಪಾಯ ಸೊನ್ನೆಯಲ್ಲ. ಕೆನಡಾದ ಒಂಟಾರಿಯೋದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನ ಮೂತ್ರಪಿಂಡ ಕೊಟ್ಟ ಹೆಂಗಸರ ಆನಂತರದ ಬಸಿರುಗಳನ್ನು ನೋಡಿತು. ಅವರ ಬಸಿರುಗಳಲ್ಲಿ ನೂರಕ್ಕೆ 11ರಲ್ಲಿ ಒತ್ತಡದ ತೊಂದರೆ ಕಾಣಿಸಿತು, ಕೊಡದವರಲ್ಲಿ ನೂರಕ್ಕೆ 5. ತಾಯಿ ಮಗು ಬಹುಪಾಲು ಕ್ಷೇಮವಾಗಿಯೇ ಇದ್ದರು. ಆದರೆ ಇದು ಮೊದಲೇ ಹೇಳಬೇಕಾದ ಮಾತು. ನನ್ನಂಥ ಇಪ್ಪತ್ತರ ಹುಡುಗಿಯನ್ನು ನಾಳೆ ಮನೆಯವರು "ನೀನು ಕೊಡು" ಅಂದರೆ, ಕೊಡುವ ಮೊದಲು ನನಗೆ ಗೊತ್ತಿರಬೇಕಾದ ಮಾತು.

ಇನ್ನು ನಮ್ಮ ಕಾಮರ್ಸಿನ ಕೆಲವು ಪಂಡಿತರಿದ್ದಾರೆ. ಬೇಡಿಕೆ ಇದೆ, ಪೂರೈಕೆ ಇಲ್ಲ, ಬೆಲೆ ಕಟ್ಟಿ ಬಿಟ್ಟರೆ ಸರಿಹೋಗುತ್ತದೆ ಅಂತಾರೆ. ಅವರಿಗೆ ನಮ್ಮ ದೇಶದ್ದೇ ಲೆಕ್ಕ ತೋರಿಸುತ್ತೇನೆ. ಹಣಕ್ಕಾಗಿ ಮೂತ್ರಪಿಂಡ ಮಾರಿದ ಚೆನ್ನೈನ 305 ಜನರನ್ನು ಮಾತಾಡಿಸಿ 2002ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ನೂರಕ್ಕೆ 96 ಜನ ಮಾರಿದ್ದು ಸಾಲ ತೀರಿಸಲು. ಮಾರಿದ ಮೇಲೆ ಅವರ ಕುಟುಂಬದ ಆದಾಯ ಮೂರನೇ ಒಂದು ಪಾಲು ಇಳಿದಿತ್ತು. ಹೆಚ್ಚಿನವರ ಸಾಲ ಹಾಗೇ ಉಳಿದಿತ್ತು. ನೂರಕ್ಕೆ 86 ಜನ ಆರೋಗ್ಯ ಕೆಟ್ಟಿದೆ ಅಂದರು. ಅವರಲ್ಲೂ ಹೆಚ್ಚಿನವರು ಹೆಂಗಸರೇ. ಬಂಡವಾಳ ಮಾರಿ ನಷ್ಟ ತಂದುಕೊಂಡ ಇಂಥ ವ್ಯಾಪಾರವನ್ನು ಯಾವ ಪಂಡಿತ ಲಾಭ ಎನ್ನುತ್ತಾನೆ? 1994ರ ಅಂಗಾಂಗ ಕಸಿ ಕಾಯಿದೆ ಕೊಳ್ಳುವುದನ್ನೂ ಮಾರುವುದನ್ನೂ ಅಪರಾಧ ಮಾಡಿತು, 2011ರ ತಿದ್ದುಪಡಿ ಶಿಕ್ಷೆ ಹೆಚ್ಚಿಸಿತು. ಆದರೂ 2008ರಲ್ಲಿ ನಮ್ಮ ಪಕ್ಕದ ಗುರುಗಾಂವಿನಲ್ಲಿ ಕೂಲಿಕಾರರ ಮೂತ್ರಪಿಂಡ ತೆಗೆದು ಮಾರುತ್ತಿದ್ದ ಜಾಲ ಹೊರಬಿತ್ತು. ಅಗ್ಗದ ಮನುಷ್ಯ ಸಿಗುವ ತನಕ ಇಂಥ ಅಂಗಡಿಗೆ ಬಾಗಿಲು ಹಾಕುವುದು ಕಷ್ಟ.

ದಾರಿ ಇಲ್ಲವೇ? ಇದೆ. ಬದುಕಿರುವ ಹೆಂಡತಿಯ ಹೊಟ್ಟೆ ಕೊಯ್ಯುವ ಮೊದಲು, ಮಿದುಳು ಸತ್ತವರ ಅಂಗಗಳನ್ನು ಮಣ್ಣಿಗೂ ಬೆಂಕಿಗೂ ಕೊಡುವುದನ್ನು ನಿಲ್ಲಿಸಬೇಕು. 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಬೈಕ್ ಅಪಘಾತದಲ್ಲಿ ತೀರಿಕೊಂಡಾಗ ಅವರ ಮನೆಯವರು ಅಂಗಾಂಗ ದಾನ ಮಾಡಿದರು. 'ನಾನು ಅವನಲ್ಲ... ಅವಳು' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಕಲಾವಿದ. ಆ ದುಃಖದಲ್ಲೂ ಅವರ ಮನೆಯವರಿಗೆ ಯೋಚನೆ ಹೊಳೆಯಿತಲ್ಲ, ಅದು ದೊಡ್ಡದು. ನಮ್ಮ ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವ ಸಂಸ್ಥೆಯ ಹೆಸರು ಜೀವಸಾರ್ಥಕತೆ. ಹೊರನಾಡಿನಲ್ಲಿರುವ ನಮ್ಮಂಥವರಿಗೆ ಇನ್ನೊಂದು ಸಮಾಚಾರ: ಬೇರೆ ರಾಜ್ಯದವರಾದರೆ ಸರದಿಯಲ್ಲಿ ಹೆಸರು ಬರೆಸಲಾಗದು ಎಂಬ ವಾಸಸ್ಥಳದ ನಿಯಮವನ್ನು 2023ರಲ್ಲಿ ಕೇಂದ್ರ ಸರ್ಕಾರ ಕೈಬಿಟ್ಟಿತು. 2025ರ ಆಗಸ್ಟ್‌ನಲ್ಲಿ ನೋಟೋ, ಸರದಿಯಲ್ಲಿರುವ ಹೆಂಗಸರಿಗೂ ದಾನಿಗಳ ಹತ್ತಿರದ ಬಂಧುಗಳಿಗೂ ಆದ್ಯತೆ ಕೊಡಿ ಎಂದು ರಾಜ್ಯಗಳಿಗೆ ಸೂಚನೆ ಕಳಿಸಿತು. ಕೊನೆಗೂ ಯಾರೋ ಖಾತೆಯ ಆ ಪುಟ ನೋಡಿದ್ದಾರೆ ಅನ್ನಿಸಿತು. ಸೂಚನೆ ಆಸ್ಪತ್ರೆಯ ಮೇಜಿನ ತನಕ ತಲುಪಬೇಕಷ್ಟೆ.

ಹಂದಿಯ ಮೂತ್ರಪಿಂಡವನ್ನು ಮನುಷ್ಯನಿಗೆ ಹಾಕುವ ಪ್ರಯತ್ನವೂ ನಡೆದಿದೆ. 2024ರ ಮಾರ್ಚ್‌ನಲ್ಲಿ ಅದೇ ಬಾಸ್ಟನ್ನಿನಲ್ಲಿ ಒಬ್ಬ ರೋಗಿಗೆ ಹಾಕಿದರು, ಆತ ಸುಮಾರು ಎರಡು ತಿಂಗಳು ಬದುಕಿದ. ಮುಂದೆ ಗೆಲ್ಲಬಹುದು, ಗೆಲ್ಲಲಿ. ಆದರೆ ಹಂದಿ ಬರುವ ತನಕ ತಿಪಟೂರಿನ ಅತ್ತೆ ಕಾಯಲಾಗುವುದಿಲ್ಲ.

ಹಾಗಾಗಿ ಮಿತ್ರರಲ್ಲಿ ನನ್ನ ಬಿನ್ನಹ ಮೂರೇ. ಒಂದು, ಬಳಗದ ಬಿ.ಪಿ. ಯಂತ್ರ ಭಾನುವಾರದ ಸಭೆಗೆ ಬರುತ್ತದೆ. ಕವಿತೆ ಓದುವ ಮೊದಲು ಐದು ನಿಮಿಷ ಸುಮ್ಮನೆ ಕೂತು ಕೈ ಚಾಚಿ. ಎರಡು, ರಜಕ್ಕೆ ಊರಿಗೆ ಹೋದಾಗ ಅಪ್ಪನ ಬಿ.ಪಿ. ಮಾತ್ರವಲ್ಲ, ಅಮ್ಮನದೂ ನೋಡಿಸಿ, ಮೂತ್ರ ಪರೀಕ್ಷೆಯನ್ನೂ ಮಾಡಿಸಿ. "ನಂಗೇನಾಗಿದೆ, ನಾನು ಗುಂಡ್ಕಲ್ಲು ಇದ್ದಂಗಿದೀನಿ" ಅಂತಾರೆ, ಕೇಳಬೇಡಿ. ಮೂರು, ನಿಮ್ಮ ನೆಂಟರಿಷ್ಟರಲ್ಲಿ ಮೂತ್ರಪಿಂಡ ಕೊಟ್ಟವರು ಯಾರಾದರೂ ಇದ್ದರೆ, ಪಡೆದವರು ಹೇಗಿದ್ದಾರೆ ಎಂದು ಕೇಳುವ ಮೊದಲು ನೀವು ಹೇಗಿದ್ದೀರಿ ಎಂದು ಅವರನ್ನು ಕೇಳಿ. ಈ ವರ್ಷ ಕ್ರಿಯಾಟಿನಿನ್ ನೋಡಿಸಿದ್ದೀರಾ ಎಂದು ಕೇಳಿ. ನೋಡಿಸಿಲ್ಲ ಅಂದರೆ ಜೊತೆಗೆ ಹೋಗಿ.

ಈ ಬೇಸಿಗೆ ರಜದಲ್ಲಿ ನಾನು ಅತ್ತೆಯನ್ನು ಕರೆದುಕೊಂಡು ಹೋಗಲಿದ್ದೇನೆ. ಅವರ ಹೆಸರಿನಲ್ಲಿ ಒಂದು ಫೈಲು ಮಾಡಿಸಬೇಕು.